ಕೊನೆಯ ಮರಿಗೆ ಏನನ್ನುತ್ತೀರಿ?

ಲಿಂಕನ್‌ಶೈರಿನ ಬಯಲಲ್ಲಿ ಸೈಕಲ್ಲು ತಳ್ಳಿಕೊಂಡೇ ಹೋದೆ,
ಎದುರುಗಾಳಿ. ಕಿಸೆಯಲ್ಲಿ ಎರಡು ಪೆನ್ಸಿಲು,
ಕೈಚೀಲದಲ್ಲಿ ಸರ್ವೆಯ ಪ್ರಶ್ನೆಗಳು:
ಕೊಟ್ಟಿಗೆಗೆ ಏನನ್ನುತ್ತೀರಿ, ಬೇಲಿಗೆ ಏನು,
ಹಸು ತಿನ್ನದೆ ಬಿಟ್ಟ ಹುಲ್ಲಿಗೆ ಏನು.
ಮುದುಕರು ಸಾಯುವ ಮೊದಲು ಮಾತು ಬರೆದುಕೊಳ್ಳಬೇಕು,
ಅದು ನನ್ನ ಕೆಲಸ; ವಾರಕ್ಕೆ ಆರು ಪೌಂಡು.

ಸೆಲೀನಾ ಲೆಗಟ್ ಅಡುಗೆಮನೆಯಲ್ಲಿ ಕೂರಿಸಿದಳು.
ಎಂಬತ್ತೊಂದು ವರ್ಷ. ಆಲೂಗೆಡ್ಡೆ ಸುಲಿಯುತ್ತಲೇ ಉತ್ತರ.
"ಹಂದಿ ಈದಾಗ, ಸೂಲಿನಲ್ಲಿ ಎಲ್ಲಕ್ಕಿಂತ ಸಣ್ಣದು,
ಬಡಕಲು, ಅದಕ್ಕೆ?"
"ರೆಕ್ಲಿಂಗ್" ಎಂದಳು, ಸಿಪ್ಪೆ ಕಡಿಯದೆ.

ಇನ್ನೊಮ್ಮೆ ಹೇಳಿಸಿದೆ. ನಗರದಲ್ಲಿ ಯಾರೂ ಆಡದ ಮಾತು.
ಹಾಳೆಯಲ್ಲಿ ಜಾಗ ಮುಗಿದಿತ್ತು; ಅಂಚಿಗೆ ಒತ್ತರಿಸಿ ಬರೆದೆ.

"ಬಹುವಚನ ಉಂಟೆ?"
ನಕ್ಕಳು. "ಒಂದು ಸೂಲಿಗೆ ಒಂದೇ, ಮಗೂ.
ಹನ್ನೆರಡು ಮೊಲೆ, ಹದಿಮೂರು ಮರಿ,
ಲೆಕ್ಕ ನಿನಗೂ ಬರುತ್ತಲ್ಲ.
ಎರಡು ದಿನದಲ್ಲಿ ಮೊಲೆ ಹಂಚಿಕೆಯಾಗಿಬಿಡುತ್ತೆ;
ಒಂದರದ್ದಕ್ಕೆ ಇನ್ನೊಂದು ಬಾಯಿ ಹಾಕಿದರೆ ಕಚ್ಚಾಟ.
ಇದು ಸುತ್ತುತ್ತೆ. ಸಂದಿ ಹುಡುಕುತ್ತೆ.
ಆಮೇಲೆ ಸುತ್ತುವುದನ್ನೂ ಬಿಡುತ್ತೆ."

"ಪ್ರಯೋಗ? ಒಂದು ವಾಕ್ಯದಲ್ಲಿ ಹೇಳಿ" ಎಂದೆ,
ಮೇಷ್ಟರ ಹಾಗೆ.

ಚಾಕು ಕೆಳಗಿಟ್ಟಳು. ಬಾಗಿಲು ಅರ್ಧ ತೆರೆದು ಅಂಗಳಕ್ಕೆ
ಕೂಗಿದಳು: "ರೆಕ್ಲಿಂಗ್! ಟೀ ಆರಿಹೋಗುತ್ತೆ!"

ಬಾಗಿಲುವಾಡಕ್ಕೆ ತಲೆ ತಗ್ಗಿಸಿ ಬಂದ ಒಬ್ಬ,
ಅರವತ್ತು ದಾಟಿದವ, ಬೂಟಿನ ತುಂಬ ರೊಚ್ಚು,
ಒಂದೊಂದು ಕಂಕುಳಲ್ಲಿ ಒಂದೊಂದು ತೌಡಿನ ಮೂಟೆ.

"ನನ್ನ ತಮ್ಮ, ಏಮಸ್. ಹನ್ನೊಂದನೆಯವನು.
ತಿಂಗಳು ತುಂಬದೆ ಬಂದ; ಬೆಳಗು ಕಾಣಲ್ಲ ಅಂದ ಅಪ್ಪ,
ಪಾದ್ರಿಗೆ ಹೇಳಿಕಳಿಸಿದ. ನಾನಾಗ ಹದಿನೈದರವಳು.
ಉಣ್ಣೆಯಲ್ಲಿ ಸುತ್ತಿ, ರೊಟ್ಟಿ ತೆಗೆದ ಒಲೆಯ ಬಾಯಲ್ಲಿಟ್ಟೆ,
ಹಂದಿಮರಿಗೆ ಇಡುತ್ತಿದ್ದ ಅದೇ ಪೆಟ್ಟಿಗೆಯಲ್ಲಿ.
ಚಿಂದಿ ಅದ್ದಿ ಹಾಲು. ತೊಟ್ಟು, ತೊಟ್ಟು.
ಉಳಿದ ಹತ್ತರಲ್ಲಿ ಈಗ ನಾನೊಬ್ಬಳೇ."

ಏಮಸ್ ಕೂತ. ಕುರ್ಚಿ ಕಿರುಗುಟ್ಟಿತು.
ಸಾಸರಿಗೆ ಟೀ ಸುರಿದು ಊದುತ್ತ
"ಇವರೇನು ಬರೆದುಕೊಳ್ತಿದಾರೆ?" ಎಂದ.
"ನಿನ್ನ ಹೆಸರು."

ನೋಡುತ್ತೇನೆಂದು ಕೈ ಚಾಚಿದ. ನಮ್ಮ ಉಚ್ಚಾರಲಿಪಿ,
ತಲೆಬುಡ ತಿಳಿಯಲಿಲ್ಲ; ಅಂಚಿನ ಅಕ್ಷರಗಳ ಮೇಲೆ
ಹೆಬ್ಬೆರಳಿಟ್ಟು ಸವರಿದ. ಪೆನ್ಸಿಲು ಕದಡಿ
ತೌಡಿನ ಗುರುತೊಂದು ಉಳಿಯಿತು.

ಕಚೇರಿಯಲ್ಲಿ ಕೇಳಿದರು, ಈ ಕಲೆ ಏನೆಂದು.
ಪ್ರಯೋಗ, ಎಂದೆ.