ಒಂಬತ್ತರಿಂದ ಎರಡಕ್ಕೆ

ಮೊಮ್ಮಗ ತಂದಿದ್ದಾನೆ ಹೊಸ ರೇಜರು, ಫೋಲ್ಕ್‌ಮಾರ್.
ಅಪ್ಪಟ ಉಕ್ಕು, ಕೈಗೆ ಭಾರ.
ತಿರುಪಿದರೆ ಬೆಣ್ಣೆಯಲ್ಲಿ ಬೆರಳಾಡಿದ ಹಾಗೆ,
ಸದ್ದೇ ಇಲ್ಲ.

ನಿನ್ನದು, ಎರಡು ಅಡುಗೆಚೂರಿಗೆ
ಅಮೆರಿಕದ ಸಿಪಾಯಿ ಬಿಟ್ಟುಕೊಟ್ಟದ್ದು,
ನಿಕ್ಕಲ್ ಸವೆದು ಹಿತ್ತಾಳೆ ಹಲ್ಲುಕಿರಿದಿದೆ.
ನೆತ್ತಿಯ ಜೋಡಿ ಕದ ಮಾತ್ರ
ಇನ್ನೂ ಬಿಗಿ.
ವುಪ್ಪರ್ ಹೊಳೆಯ ಸಾಣೆಮನೆಗೆ ಹೊರಡುವ ಮುಂಚೆ
ಒಂಬತ್ತಕ್ಕಿಟ್ಟು ಕೆರೆಯುತ್ತಿದ್ದೆ ನೀನು.
ಗದ್ದದ ತುಂಬ ರಕ್ತಕ್ಕಂಟಿದ ಕಾಗದದ ಚೂರು,
ಮೇಲೆ ಬಿಗುಮಾನ ಬೇರೆ!

ಈಗ ಬಲಗೈ ನಿನ್ನ ಮಾತು ಕೇಳದು.
ಬ್ರಷ್ಷು ನನ್ನ ಕೈಯಲ್ಲಿ.
ಹೊಸದರಲ್ಲಿ ಎರಡೂವರೆಯೂ ಉಂಟಂತೆ, ಎರಡೂಕಾಲೂ.
ಇರಲಿ.
ಕನ್ನಡಕ ಹಬೆಗೆ ಮಂಜಾದಾಗ
ನನಗೆ ಬೇಕು ಈ ಹಳೆಯದರ ಟಿಕ್.
ಒಂಬತ್ತರಿಂದ ಇಳಿಸುತ್ತೇನೆ, ಒಂದೊಂದೇ.
ನಿನ್ನ ತುಟಿಯೂ ಎಣಿಸುತ್ತದೆ, ಅರ್ಧ ತುಟಿ.
ಎರಡರಲ್ಲಿ ನಿಲ್ಲುತ್ತೇನೆ.
ಕೆನ್ನೆ ಒಡ್ಡುತ್ತೀ.