ಎಂಟು ಏಳು ನಾಲ್ಕು

ಕುಶಿರೋ ಬಂದರಿನ ಮೀನುಪೇಟೆಯ ಹಿಂದೆ
ಹಳೇ ಸಾಮಾನಿನಂಗಡಿಯಲ್ಲಿ ಒಂದು ಟ್ರೇ ತುಂಬ ಬಿದ್ದಿದ್ದವು,
ಯಾವುದನ್ನೆತ್ತಿದರೂ ಮುನ್ನೂರು ಯೆನ್.
ನೊದೊಕಾ ಒಂದನ್ನೆತ್ತಿ ಕಿವಿಗಿಟ್ಟು ನೋಡಿದಳು.
ಕಿವಿಗಲ್ಲ ಮಗಳೇ, ಅದು ಸೊಂಟಕ್ಕೆ.
ಇದರಲ್ಲಿ ಮಾತಾಡುವುದು ಹೇಗೆ?
ಆಗುವುದಿಲ್ಲ.
ಬರೆಯುವುದು?
ಅದೂ ಆಗುವುದಿಲ್ಲ.
ಮತ್ತೆ?
ಬರುತ್ತದೆ, ಅಷ್ಟೆ. ಬಂದದ್ದನ್ನು ನೋಡಬಹುದು.
ಸತ್ತ ಜೀರುಂಡೆಯನ್ನು ಬಿಡುವ ಹಾಗೆ
ಎರಡು ಬೆರಳಲ್ಲಿ ಹಿಡಿದು ಟ್ರೇಗೆ ಬಿಟ್ಟಳು.

ಪೊಕೆಬೆರು ಅನ್ನುತ್ತಿದ್ದೆವು, ಜೇಬುಗಂಟೆ.
ಹದಿನಾರು ವರ್ಷದ ನಾನು ನಸುಕಿನಲ್ಲಿ ಮನೆಮನೆಗೆ ಪೇಪರ್ ಹಾಕಿ
ಅದರ ತಿಂಗಳ ಬಾಡಿಗೆ ಕಟ್ಟುತ್ತಿದ್ದೆ.
ಅಂಕಿ ಮಾತ್ರ ಬೀಳುತ್ತಿತ್ತು ಹಸಿರು ಕಿಟಕಿಯಲ್ಲಿ.
ಸಾಕಿತ್ತು. ನಮ್ಮಲ್ಲಿ ಒಂದೊಂದು ಅಂಕಿಗೂ ಎರಡು ಮೂರು ಬಾಯಿ.
ಸೊನ್ನೆ ಎಂಟು ನಾಲ್ಕು ಸೊನ್ನೆ, ಓಹಾಯೋ: ಬೆಳಗಾಯಿತು, ಏಳು.
ಮೂರು ಮೂರು ನಾಲ್ಕು ಒಂದು, ಸಾಮಿಶೀ: ಒಬ್ಬಳೇ ಇದ್ದೇನೆ ಕಣೇ.
ಗಣಿತದಲ್ಲಿ ಮೂವತ್ತು ದಾಟದ ಚಿಗುಸಾ
ಅಂಕಿಯಲ್ಲೇ ಬೈಯುವಳು, ಅಂಕಿಯಲ್ಲೇ ಮುದ್ದಿಸುವಳು.

ಉತ್ತರ ಕೊಡಲು ಕಾಲು ಬೇಕಿತ್ತು.
ಬೂಟು ಹಾಕಿ, ಹೆಪ್ಪುಗಟ್ಟಿದ ಇಳಿಜಾರಿನಲ್ಲಿ ಜಾರುತ್ತ
ಸೇತುವೆಯ ಬುಡದ ಹಸಿರು ಫೋನಿನವರೆಗೆ.
ಅಲ್ಲಿ ಹುಡುಗಿಯರ ಸಾಲು, ಬಾಯಿಂದ ಹಬೆ,
ಹಲ್ಲಲ್ಲಿ ಕಚ್ಚಿ ಎಳೆದ ಕೈಗವಸು
(ಹಾಕಿಕೊಂಡೇ ಒತ್ತಿದರೆ ಎರಡು ಗುಂಡಿ ಒಟ್ಟಿಗೆ ಒತ್ತಿಹೋಗಿ
ನಿದ್ದೆ ಎಂಬುದು ಬೈಗುಳವಾಗಿ ತಲುಪೀತು).
ಈಗಲೂ ಔಷಧದಂಗಡಿಯಲ್ಲಿ ಬಿಲ್ಲು ಒತ್ತುವಾಗ
ನನ್ನ ಬೆರಳು ನನ್ನನ್ನು ಕೇಳದೆ ಯಾರಿಗೋ ಶುಭೋದಯ ಹೇಳುತ್ತದೆ.

ಫೆಬ್ರವರಿಯಲ್ಲಿ ಒಂದು ಮಾತು ಆಡಿದೆ.
ಅವಳಪ್ಪನ ದೋಣಿ ಯಾಕೆ ಮಾರಿಹೋಯಿತೆಂದು,
ಊಟದ ಹೊತ್ತಿನಲ್ಲಿ, ನಾಲ್ಕು ಜನರ ಮುಂದೆ, ನಗುತ್ತ.
ಅವಳು ಬಾಗಿಲಲ್ಲೇ ಇದ್ದಳು.

ಹನ್ನೊಂದು ದಿನ ಸೊಂಟ ಅದುರಲಿಲ್ಲ.
ಹನ್ನೆರಡನೆಯ ರಾತ್ರಿ ನಾನು ಸ್ನಾನದ ತೊಟ್ಟಿಯಲ್ಲಿ,
ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಗೂಟಕ್ಕೆ ನೇತುಹಾಕಿದ್ದ ಅದು
ಬಲೆಯೊಳಗಿನ ಮೀನಿನ ಹಾಗೆ ಒದ್ದಾಡಿತು.
ಎಂಟು. ಏಳು. ನಾಲ್ಕು.

ಹಾ, ನಾ, ಶಿ.
ಹನಾಶಿ ಎಂದರೆ ಮಾತು.
ಹನಾಶಿ ಎಂದರೆ ಹಿಡಿದ ಕೈ ಬಿಡುವುದು ಕೂಡ.
ಕಾಗದದ ಮೇಲಾದರೆ ಬರೆಯುವ ಲಿಪಿ ಬೇರೆ ಬೇರೆ, ಗೊಂದಲವಿಲ್ಲ.
ಅಂಕಿಗೆ ಎಲ್ಲಿದೆ ಆ ದಯೆ?
ಮಾತಾಡೋಣ ಎಂದಳೋ, ಬಿಟ್ಟೆ ಎಂದಳೋ,
ಎಣಿಸಿದೆ, ಎಣಿಸಿದೆ. ಇದ್ದದ್ದು ಮೂರೇ ಅಂಕಿ,
ಬೆಳಗಿನವರೆಗೂ ಎಣಿಸಿದೆ.

ಕೇಳಬಹುದಿತ್ತು.
ಕೋಟಿನ ಜೇಬಿನಲ್ಲಿ ಹತ್ತು ಯೆನ್ನಿನ ನಾಣ್ಯವಿತ್ತು.
ಹೊರಗೆ ಮೈನಸ್ ಹದಿನೆಂಟು ಅಂದುಕೊಂಡೆ.
ತಲೆ ಒದ್ದೆ ಅಂದುಕೊಂಡೆ.
ನಟ್ಟನಡುವೆ ಏಳು ಇತ್ತು. ನಾನು ಏಳಲಿಲ್ಲ.

ಮಾರ್ಚಿನಲ್ಲಿ ಅವರ ಮನೆಗೆ ಬೀಗ. ಯಾರೋ ನೀಗಾತಾ ಅಂದರು,
ಯಾರೋ ಇನ್ನೂ ದೂರ.

ನೊದೊಕಾಳ ಫೋನಿನಲ್ಲಿ ಕಳಿಸಿದ ಮಾತಿನ ಪಕ್ಕ
ಓದಿದ್ದಾರೆ ಎಂಬ ಪುಟ್ಟ ಗುರುತು ಬೀಳುತ್ತದೆ.
ಅದು ಬಿದ್ದೂ ಉತ್ತರ ಬರದಿದ್ದರೆ ಅವಳು ಊಟ ಬಿಡುತ್ತಾಳೆ.
ಬೈಯುತ್ತೇನೆ. ಬೈದು, ಆಮೇಲೆ ನೆನೆಯುತ್ತೇನೆ:
ನನಗೆ ಮುಟ್ಟಿತೆಂದು ಚಿಗುಸಾಗೆ ಯಾವ ಗುರುತೂ ಹೋಗಲಿಲ್ಲ.
ಆ ಡಬ್ಬಿಯಲ್ಲಿ ನಿಂತು, ಕಾರ್ಡು ಹೊರಬಂದ ಮೇಲೂ,
ಅವಳೂ ಎಣಿಸಿರಬಹುದು.

ಎರಡು ಅರ್ಥದಲ್ಲಿ ಒಂದನ್ನು ಆರಿಸುತ್ತಲೇ ಮೂವತ್ತು ವರ್ಷ ಕಳೆದೆ.
ಇವತ್ತು ಟ್ರೇಯ ಮುಂದೆ ಪಕ್ಕಪಕ್ಕ ಇಟ್ಟು ನೋಡಿದೆ:
ಮಾತು, ಬಿಡು.
ಅದು ಅವಳು ಹೇಳಿದ್ದಲ್ಲ. ನಾನು ಮಾಡಿದ್ದು.

ತಗೊಳ್ತೀರಾ, ಅಂದ ಅಂಗಡಿಯ ಮುದುಕ.
ಗಡಿಯಾರದ ಹಿಂಬದಿಯಿಂದ ಬ್ಯಾಟರಿ ಕಿತ್ತು ಅದಕ್ಕೆ ತುರುಕಿದ.
ಹಸಿರು ಕಿಟಕಿ ಬೆಳಗಿತು. ಒಳಗೆ ಏನೂ ಇರಲಿಲ್ಲ.
ಅಂಗೈಯಲ್ಲಿಟ್ಟು ನನ್ನ ಕಡೆ ಚಾಚಿ,
ಕೆಲಸ ಮಾಡ್ತದೆ ನೋಡಿ, ಅಂದ.