ಏಳು ಉಳಿದವು

ಮೊದಲ ತಲೆಮಾರನ್ನು ಗುರುತಿಸುವುದು ಸುಲಭ:
ಎತ್ತಿದರೆ ತೋಳು ಸೋಲುತ್ತದೆ.
ಉಕ್ಕಿನ ತಳ, ಬೂದು ಬಣ್ಣದ ಚೌಕ ಮುದ್ರೆ,
ಹಳೇ ಟೆಲಿಫೋನಿಂದ ಕದ್ದದ್ದೋ ಎಂಬಂಥ ಸುರುಳಿ ಬಾಲ.
ಎರಡನೆಯದಕ್ಕೆ ಮುದ್ರೆ ನೀಲಿ, ಬಾಲ ನೆಟ್ಟಗೆ.
ಮೂರನೆಯದರ ಹೊಟ್ಟೆಯಲ್ಲಿ ಎರಡು ತೂತು,
ಯಾವನೋ ಗುಮಾಸ್ತ ಚೆಲ್ಲಿಕೊಂಡ ಚಹಾ
ಮೇಜಿಗೆ ಇಳಿದುಹೋಗಲೆಂದು.
ನಾಲ್ಕನೆಯದು ಹಗುರ.
ಅದರ ಬಗ್ಗೆ ಹೆಚ್ಚು ಮಾತು ಬೇಡ.

ಹೀಗೆ ಬರೆದಿಟ್ಟಿದ್ದೆ, ಗ್ರೀನಕ್ಕಿನ ಈ ಮೂರನೇ ಮಹಡಿಯಲ್ಲಿ,
ಕಿಟಕಿಯಾಚೆ ಕ್ಲೈಡ್ ನದಿ
ಕಡಲಾಗುವ ಮನಸ್ಸು ಮಾಡುವ ತಿರುವಿನಲ್ಲಿ.
ಮಂಚದಡಿ ನಲವತ್ತು ಕೀಲಿಮಣೆ,
ಸ್ನಾನದ ತೊಟ್ಟಿಯಲ್ಲಿ ಹನ್ನೊಂದು;
ವಾರಕ್ಕೊಮ್ಮೆ ಎತ್ತಿಟ್ಟು ಮೀಯುತ್ತೇನೆ.
ಒಂದೊಂದಕ್ಕೂ ನೂರೊಂದು ಕೀಲಿ,
ಬೀಗ ಮಾತ್ರ ಒಂದೂ ಇಲ್ಲ.

ಉಳಿದವು ಏಳು.
ನೀಲಿ ಮುದ್ರೆಯವೇ, ನೆಟ್ಟನೆ ಬಾಲದವೇ,
ಆದರೆ ಬೋರಲು ಹಾಕಿ ತಟ್ಟೆ ಬಿಚ್ಚಿದರೆ
ಕಾಯಿಸಿ ಒತ್ತಿದ ಪ್ಲಾಸ್ಟಿಕ್ಕಿನ ಗುಬುಟುಗಳೆಲ್ಲ
ಬಲಕ್ಕೆ ವಾಲಿವೆ,
ಗಾಳಿಗೆ ಮುಖ ಕೊಟ್ಟು ಧಕ್ಕೆಯ ಮೇಲೆ ಕೂತ
ಕಡಲಹಕ್ಕಿಗಳ ಸಾಲಿನ ಹಾಗೆ.
ಮಿಕ್ಕೆಲ್ಲ ಕೀಲಿಮಣೆಗಳಲ್ಲಿ ಅವು ವಾಲುವುದು ಎಡಕ್ಕೆ.
ಹೊಸ ಅಚ್ಚು ಎಂದೆ. ಬೇರೆ ಯಂತ್ರ ಎಂದೆ.
'ಎರಡು-ಆ' ಎಂದು ಬರೆದೆ, ಅಳಿಸಿದೆ.
ಮೂರು ಚಳಿಗಾಲ ಒಂದು ಪ್ರಶ್ನೆಚಿಹ್ನೆ
ನನ್ನ ಕೋಷ್ಟಕದಲ್ಲಿ ಬಾಡಿಗೆ ಕೊಡದೆ ಕೂತಿತ್ತು.

ಕೆಳಮನೆಯಾಕೆ ಕರೆತಂದಳು ಸೆಂಗಾ ಮೆಕ್ಲಾಷನ್‌ಳನ್ನು.
ಅಜ್ಜಿ ಆಗ್ನೆಸ್‌ಳ ಹೆಸರಿನ ಅಕ್ಷರಗಳನ್ನೇ
ಹಿಂದುಮುಂದು ಮಾಡಿ ಇಟ್ಟ ಹೆಸರಂತೆ.
ಅರವತ್ತೇಳು ವಯಸ್ಸು,
ಹತ್ತೊಂಬತ್ತು ವರ್ಷ ಕಣಿವೆಯ ಕಾರ್ಖಾನೆಯಲ್ಲಿ.
ಕಾರ್ಖಾನೆ ಈಗಿಲ್ಲ.
ಅದಕ್ಕೆಂದೇ ಕಟ್ಟಿದ ನಿಲ್ದಾಣದಲ್ಲಿ
ರೈಲೂ ನಿಲ್ಲುವುದಿಲ್ಲ.

ಕೋಟು ಬಿಚ್ಚಲಿಲ್ಲ. ಬಿಸ್ಕತ್ತು ಕಡಿಯುತ್ತ
ನನ್ನ ತಲೆಮಾರುಗಳ ಪುರಾಣ ಪೂರ್ತಿ ಕೇಳಿದಳು.
ಆಮೇಲೆ ಕಣ್ಣು ಮುಚ್ಚಿ
ಒಂದೊಂದರ ಮೇಲೂ ಒಂದೊಂದೇ ಗುಂಡಿ ಒತ್ತಿದಳು.
ಟಕ್. "ಇದು ಶುಕ್ರವಾರದ್ದು."
ಟಕ್. "ಒಳ್ಳೆಯ ಸ್ಪ್ರಿಂಗು ಬರುತ್ತಿದ್ದ ಕಾಲದ್ದು ಇದು."
ಬೂದು ಮುದ್ರೆ ನೀಲಿಯಾದದ್ದು ಏಕೆ, ಕೇಳಿದೆ.
"ಬೂದು ಮುಗಿಯಿತು."
ಆ ಬಗ್ಗೆ ನಾನು ಮೂರು ಪುಟ ಬರೆದಿದ್ದೆ.

ಆ ಏಳನ್ನು ಮುಂದಿಟ್ಟೆ.
ಬೆರಳು ಗುಬುಟುಗಳ ಮೇಲೆ ಓಡಿತು,
ನಿಂತಿತು.
ಅರ್ಧ ಬಿಸ್ಕತ್ತನ್ನು ತಟ್ಟೆಯಲ್ಲಿಟ್ಟಳು.

"ಯಂತ್ರ ಅಲ್ಲ ಮಾರಾಯ, ಇದು ಎಫೀ.
ಎಫೀ ಕಾರ್ಸ್‌ವೆಲ್. ಎಡಚಿ.
ಶಾಲೆಯಲ್ಲಿ ಕೈ ಕಟ್ಟಿಹಾಕಿದರೂ ಬಿಡಲಿಲ್ಲವಂತೆ.
ನನ್ನ ಬಾಣಂತನದಲ್ಲಿ ನನ್ನ ಜಾಗಕ್ಕೆ ಕೂತವಳು,
ಕ್ರಿಸ್‌ಮಸ್ಸಿಂದ ಈಸ್ಟರ್‌ವರೆಗೆ.
ಉಲ್ಟಾ ಒತ್ತುತ್ತೀಯ ಅಂತ ಮೇಸ್ತ್ರಿ ರೇಗಿದ.
ಹಿಡಿಯಿತೋ ಇಲ್ಲವೋ ಅಷ್ಟು ಹೇಳು, ಅಂದಳು.
ಹಿಡಿದಿತ್ತು."

ಈಗಲೂ ಹಿಡಿದಿದೆ.
ಮಂಚದಡಿಯವನ್ನು ಅಲ್ಲಾಡಿಸಿದರೆ
ಉದುರಿದ ಗುಬುಟುಗಳು ಒಳಗೆ ಗಲಗಲ ಎನ್ನುತ್ತವೆ.
ಇವನ್ನು ಅಲ್ಲಾಡಿಸಿದೆ.
ಏನೂ ಇಲ್ಲ.

ಎಫೀ ಎಲ್ಲಿದ್ದಾಳೆ?
"ಕೆನಡಾ ಅಂದರು ಕೆಲವರು. ಸತ್ತಳು ಅಂದರು.
ಹುಡುಕಬಹುದಿತ್ತು." ಚಹಾ ಆರಿತ್ತು, ಕುಡಿದಳು.
ನಾನು ತಲೆಮಾರು ತಲೆಮಾರು ಎಂದು ತಲೆ ಎಣಿಸಿದ್ದೆ;
ಕೈಗಳ ಲೆಕ್ಕಕ್ಕೆ ಕಾಲಂ ಇರಲಿಲ್ಲ.

ಹೊರಡುವಾಗ ಕೇಳಿದಳು, ಒಂದು ಕೊಡುತ್ತೀಯಾ?
ತೊಟ್ಟಿಯಿಂದ ಎತ್ತಿ ತಂದೆ, ಮೊದಲ ತಲೆಮಾರಿನದು,
ಸಂತೆಯಲ್ಲಿಟ್ಟರೆ ಒಳ್ಳೆಯ ಬೆಲೆ ಬರುವಂಥದ್ದು.
ತಲೆಯಾಡಿಸಿದಳು. ಕಣ್ಣು ಆ ಏಳರ ಮೇಲೆ.
ಕೊಟ್ಟೆ. ಕೊಡುವ ಮುಂಚೆ,
ಸುಳ್ಳು ಹೇಳಲಾರೆ, ಅಳತೆ ತೆಗೆದುಕೊಂಡೆ.

ಈಗ ಆರಿವೆ.
ಕೋಷ್ಟಕದಲ್ಲಿ 'ವ್ಯತ್ಯಾಸಕ್ಕೆ ಕಾರಣ' ಎಂಬಲ್ಲಿ ಬರೆದಿದ್ದೇನೆ:
ಸೆಂಗಾಗೆ ಮಗುವಾಯಿತು.
ಏಳನೆಯದು ಅವಳ ಕಂಕುಳಲ್ಲಿ ಮೆಟ್ಟಿಲಿಳಿಯಿತು,
ಬಾಲದ ತುದಿ ಒಂದೊಂದು ಮೆಟ್ಟಿಲಿಗೂ ಟಕ್ ಎಂದು ಬಡಿಯುತ್ತ.
ನೆಟ್ಟನೆ ಬಾಲ.
ಎರಡನೆಯ ತಲೆಮಾರು, ಅದರಲ್ಲೇನೂ ಸಂಶಯವಿಲ್ಲ.